ಕೌಂಟ್ ಏರಿದೆ ಅಂತ ಖುಷಿಪಡಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಆರನ್ನು ಬೇರೆ ತೆಗೆದಿಟ್ಟಿದ್ದೆ. ಆರೂ ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆಯವು. ಬಹುಪಾಲು ಬ್ಲಡ್ ಕ್ಯಾನ್ಸರ್ ಆದ ಮಕ್ಕಳ ಮನೆಯಿಂದ ಬಂದವು, ಒಂದಂತೂ ಮಗುವೇ ಬರೆದದ್ದು. ಕೇಳುವ ರೀತಿ ಬೇರೆ ಬೇರೆ, ಆದರೆ ಎಲ್ಲರ ಹೊಟ್ಟೆಯೊಳಗಿನ ಭಯ ಒಂದೇ. ಕೊಡ್ತಾ ಇರುವ ಮದ್ದು ಕೆಲಸ ಮಾಡ್ತಾ ಇದೆಯಾ? ಅದು ನಮಗೆ ಹೇಗೆ ಗೊತ್ತಾಗಬೇಕು?

ನಾನು ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರ್, ಕ್ಯಾನ್ಸರ್ ತಜ್ಞೆ ಅಲ್ಲ. ಆದರೆ ಬೆಂಗಳೂರಿನಲ್ಲಿ ಚಿಕಿತ್ಸೆ ಶುರುಮಾಡಿಸಿಕೊಂಡು ಊರಿಗೆ ವಾಪಸ್ ಬಂದ ಮಕ್ಕಳ ಕೌಂಟ್, ಅಂದರೆ ರಕ್ತದ ಬಿಳಿ ಕಣಗಳ ಸಂಖ್ಯೆ ನೋಡುವುದು, ರಾತ್ರಿ ಜ್ವರ ಬಂದರೆ ಮೊದಲು ಮುಟ್ಟಿ ನೋಡುವುದು ನನ್ನಂಥವರೇ. ಆ ಅನುಭವದಿಂದ ಉತ್ತರಿಸುತ್ತೇನೆ. ಇಲ್ಲಿ ಹೇಳುವುದೆಲ್ಲ ಬ್ಲಡ್ ಕ್ಯಾನ್ಸರಿನಲ್ಲಿ ಎಎಲ್‌ಎಲ್ ಎಂಬ ಬಗೆಯ ಬಗ್ಗೆ. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಅದೇ. ಹೆಸರು, ಗುರುತು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಮಗನಿಗೆ 6 ವರ್ಷ. ದೊಡ್ಡ ಕೀಮೋ ಎಲ್ಲ ಮುಗಿದು ಈಗ ಮೇಂಟೆನೆನ್ಸ್ ಅಂತ ಮನೆಯಲ್ಲೇ ಮಾತ್ರೆ ಕೊಡ್ತಾ ಇದ್ದೀವಿ. ಏಳು ತಿಂಗಳಾಯ್ತು. 15 ದಿನಕ್ಕೊಮ್ಮೆ ಇಲ್ಲೇ ರಕ್ತ ಪರೀಕ್ಷೆ ಮಾಡಿಸ್ತೀವಿ. ಹೋದ ಸಲ ಕೌಂಟ್ 6,200 ಬಂತು. ಲ್ಯಾಬಿನವರು ಪೂರ್ತಿ ನಾರ್ಮಲ್ ಅಂದರು, ನಮಗೂ ಖುಷಿಯಾಯ್ತು. ಬೆಂಗಳೂರಿಗೆ ಫೋನ್ ಮಾಡಿದರೆ ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರು! ಕಾಯಿಲೆ ವಾಪಸ್ ಬಂದಿದೆಯಾ? ರಾತ್ರಿ ನಿದ್ದೆ ಬರ್ತಿಲ್ಲ. — ಒಬ್ಬ ತಾಯಿ, ಹರಿಹರ

ಉತ್ತರ: ಇಲ್ಲಮ್ಮ, ಈ ರಿಪೋರ್ಟ್ ನೋಡಿ ಕಾಯಿಲೆ ವಾಪಸ್ ಬಂದಿದೆ ಅಂತ ಯಾರೂ ಹೇಳಲ್ಲ. ಮೊದಲು ಆ ಭಯ ಬಿಡಿ. ನಿಮ್ಮ ಡಾಕ್ಟರು ಮಾಡಿದ್ದು ಸರಿಯಾಗಿದೆ.

ರಿಪೋರ್ಟಿನ ಪಕ್ಕದಲ್ಲಿ ನಾರ್ಮಲ್ ರೇಂಜ್ ಅಂತ ಅಚ್ಚಾಗಿರುತ್ತಲ್ಲ, ಅದು ಯಾವ ಮದ್ದೂ ತಗೊಳ್ಳದ ಮಗುವಿನದು. ನಿಮ್ಮ ಮಗನಿಗೆ ಅದು ಲೆಕ್ಕಕ್ಕಿಲ್ಲ. ಮೇಂಟೆನೆನ್ಸ್‌ನಲ್ಲಿರುವ ಮಗುವಿಗೆ ಮುಖ್ಯವಾಗಿ ನೋಡಬೇಕಾದ್ದು ಎಎನ್‌ಸಿ, ಅಂದರೆ ಸೋಂಕಿನ ಜೊತೆ ಕಾದಾಡುವ ನ್ಯೂಟ್ರೋಫಿಲ್ ಕಣಗಳ ಸಂಖ್ಯೆ. ಮನೆಯಲ್ಲೇ ಲೆಕ್ಕ ಹಾಕಬಹುದು. ಒಟ್ಟು ಬಿಳಿ ಕಣದ ಕೌಂಟನ್ನು ನ್ಯೂಟ್ರೋಫಿಲ್ ಪರ್ಸೆಂಟಿನಿಂದ ಗುಣಿಸಿ 100ರಿಂದ ಭಾಗಿಸಿ. ನೀವು ಕಳಿಸಿದ ರಿಪೋರ್ಟಿನಲ್ಲಿ 60 ಪರ್ಸೆಂಟ್ ಇದೆ, ಅಂದರೆ 3,720 ಆಯಿತು. ಬಹಳ ಆಸ್ಪತ್ರೆಗಳಲ್ಲಿ ಡಾಕ್ಟರುಗಳು ಬಯಸುವುದು 500ರಿಂದ 1,500ರ ನಡುವೆ. ಈ ಅಂಕಿ ಪದ್ಧತಿಯಿಂದ ಪದ್ಧತಿಗೆ ಸ್ವಲ್ಪ ಆಚೀಚೆ ಇರುತ್ತದೆ, ನಿಮ್ಮ ಫೈಲಿನಲ್ಲಿ ಬರೆದಿರುವುದೇ ನಿಮಗೆ ಲೆಕ್ಕ. ಅದರ ಹಿಂದಿನ ಎರಡು ರಿಪೋರ್ಟಿನಲ್ಲೂ ಮೂರು ಸಾವಿರದ ಮೇಲೇ ಇದೆ. ಅದಕ್ಕೇ ಅವರು ಏರಿಸಿದ್ದು.

ಬೇಕಂತಲೇ ಕೌಂಟ್ ಇಳಿಸಿ ಇಡೋದು ಯಾಕೆ? ನೀವು ಹರಿಹರದವರು, ಭದ್ರಾ ಕಾಲುವೆಯ ಕಥೆ ನಿಮಗೆ ಗೊತ್ತು. ಡ್ಯಾಮಿನಿಂದ ನೀರು ಬಿಟ್ಟರು ಅಂತ ಪೇಪರಿನಲ್ಲಿ ಬಂದರೆ ಸಾಲದು, ಕೊನೆಭಾಗದ ಗದ್ದೆಗೆ ನೀರು ಬಂತಾ ಅಂತ ಹೋಗಿ ನೋಡಬೇಕು, ಅಲ್ವಾ? ಮಾತ್ರೆ ಬಾಯಿಗೆ ಹಾಕಿದ್ದು ಡ್ಯಾಮಿನ ಗೇಟ್ ತೆಗೆದ ಹಾಗೆ. ಅದು ಹೊಟ್ಟೆ ದಾಟಿ, ಲಿವರ್ ದಾಟಿ, ಮೂಳೆಯೊಳಗಿನ ಮಜ್ಜೆಗೆ ಸಾಕಷ್ಟು ತಲುಪಿತಾ ಅನ್ನೋದು ಪ್ರಶ್ನೆ. ಅಲ್ಲಿ ಕ್ಯಾನ್ಸರ್ ಕಣ ಅಲ್ಲೊಂದು ಇಲ್ಲೊಂದು ಉಳಿದಿದ್ದರೂ ರಕ್ತ ಪರೀಕ್ಷೆಗೆ ಕಾಣುವುದಿಲ್ಲ. ಆದರೆ ಅದೇ ಮಜ್ಜೆಯಲ್ಲಿ ಅದರ ಪಕ್ಕದಲ್ಲೇ ಹುಟ್ಟುವ ಒಳ್ಳೆಯ ಬಿಳಿ ಕಣಗಳು ಕಾಣುತ್ತವೆ. ಅವು ತಕ್ಕಮಟ್ಟಿಗೆ ಕಮ್ಮಿಯಾಗಿವೆ ಅಂದರೆ ಮದ್ದು ಅಲ್ಲಿವರೆಗೆ ಹೋಗಿದೆ. ನ್ಯೂಟ್ರೋಫಿಲ್ ನಮಗೆ ಆ ಕೊನೆಭಾಗದ ಗದ್ದೆ. ವಾರಗಟ್ಟಲೆ ಅದು ಮೇಲೇ ಇದ್ದರೆ ನೀರು ನಡುವೆ ಎಲ್ಲೋ ನಿಂತಿದೆ.

ಎಲ್ಲಿ ನಿಂತಿದೆ ಅಂತ ಹುಡುಕುವಾಗ ಡಾಕ್ಟರು ಮೂರು ನಾಲ್ಕು ವಿಷಯ ನೋಡುತ್ತಾರೆ. ಮಗು ಬೆಳೆದಿದೆಯಾ? ಈ ಮಾತ್ರೆಗಳ ಅಳತೆ ಮಗುವಿನ ಎತ್ತರ, ತೂಕ ಎರಡನ್ನೂ ಸೇರಿಸಿ ಹಾಕಿದ ಲೆಕ್ಕ. ಏಳು ತಿಂಗಳ ಹಿಂದಿನ ಅಳತೆ ಈಗ ಸಾಲದೇ ಇರಬಹುದು. ಹಾಗಾಗಿ ಕೌಂಟಿನ ಜೊತೆಗೆ ಎತ್ತರ, ತೂಕವನ್ನೂ ಬರೆಸಿಕೊಂಡು ಬೆಂಗಳೂರಿಗೆ ಹೇಳಿ, ಇದನ್ನು ಬಹಳ ಜನ ಮರೀತಾರೆ. ಎರಡನೆಯದು, ರಕ್ತ ತೆಗೆದ ದಿನ ಯಾವುದು? ಕೆಲವು ಪದ್ಧತಿಗಳಲ್ಲಿ ನಡುನಡುವೆ 5 ದಿನ ಸ್ಟೀರಾಯ್ಡ್ ಕೊಡುತ್ತಾರೆ. ಆ ದಿನಗಳಲ್ಲಿ ಕೌಂಟ್ ತಾನಾಗೇ ಏರುತ್ತದೆ, ಅದು ಸುಳ್ಳು ಏರಿಕೆ. ನೆಗಡಿ, ಗಂಟಲು ನೋವು ಇದ್ದಾಗಲೂ ಹಾಗೇ. ಫೋನಿನಲ್ಲಿ ಇದನ್ನೂ ಹೇಳಬೇಕು.

ಇನ್ನು ಹೇಳೋಕೆ ಕಷ್ಟದ ವಿಷಯ. ಮಾತ್ರೆ ತಪ್ಪಿದೆಯಾ?

ದಿನಾ ಕೊಡುವ ಮಾತ್ರೆ 6-ಮರ್ಕ್ಯಾಪ್ಟೊಪ್ಯೂರಿನ್, ಸುಮ್ನೆ 6-ಎಂಪಿ ಅಂತಾರೆ. ಅಮೆರಿಕದಲ್ಲಿ ಸ್ಮಿತಾ ಭಾಟಿಯಾ ಎಂಬ ವೈದ್ಯೆ ಮತ್ತು ಅವರ ಜೊತೆಯವರು ಮಾತ್ರೆ ಬಾಟಲಿಯ ಮುಚ್ಚಳಕ್ಕೇ ಒಂದು ಚಿಪ್ ಇಟ್ಟು, ಮುಚ್ಚಳ ಯಾವ ದಿನ ತೆರೆಯಿತು ಅಂತ ತಿಂಗಳುಗಟ್ಟಲೆ ಲೆಕ್ಕ ಇಟ್ಟರು. 100ರಲ್ಲಿ 95ಕ್ಕಿಂತ ಕಡಿಮೆ ದಿನ ಮಾತ್ರೆ ತಗೊಂಡ ಮಕ್ಕಳಲ್ಲಿ ಕಾಯಿಲೆ ಮರಳುವ ಅಪಾಯ ಎರಡೂವರೆ ಪಟ್ಟಿಗಿಂತ ಜಾಸ್ತಿ ಇತ್ತು. 95 ಪರ್ಸೆಂಟ್ ಅಂದರೆ ಏನು ಅಂತ ಯೋಚನೆ ಮಾಡಿ. ತಿಂಗಳಿಗೆ ಎರಡು ಮಾತ್ರೆ ತಪ್ಪಿದರೆ ಆ ಗೆರೆಯ ಕೆಳಗೆ ಬಂದಿರಿ. ಜಾತ್ರೆಗೆ ಹೋದ ದಿನ ಒಂದು, ಮದುವೆ ಮನೆಯಲ್ಲಿ ಒಂದು, ಮುಗೀತು.

ನಾನು ನೋಡಿದ ಒಂದು ಮನೆಯ ಮಾತು ಹೇಳುತ್ತೇನೆ. ಅಪ್ಪ ಲಾರಿ ಓಡಿಸುತ್ತಿದ್ದ, ಅಮ್ಮ ಎರಡನೇ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮಾತ್ರೆ ವಾರಕ್ಕೆ ಎರಡು ಮೂರು ದಿನ ತಪ್ಪುತ್ತಿತ್ತು. ಕೇಳಿದಾಗ ಅಪ್ಪ ಬೈಸಿಕೊಳ್ಳುವ ಭಯಕ್ಕೆ ದಿನಾ ಕೊಡ್ತಾ ಇದ್ದೀವಿ ಅಂದ. ಕೌಂಟ್ ಮೇಲಿತ್ತು, ಅಳತೆ ಏರಿಸಿದರು. ಮತ್ತೂ ಮೇಲಿತ್ತು, ಮತ್ತೆ ಏರಿಸಿದರು. ಆಮೇಲೆ ಅಜ್ಜಿ ಮನೆಗೆ ಬಂದು ಶಿಸ್ತಾಗಿ ದಿನಾ ರಾತ್ರಿ ಕೊಡೋಕೆ ಶುರು ಮಾಡಿದಳು. ಮೂರೇ ವಾರದಲ್ಲಿ ಎಎನ್‌ಸಿ 100ಕ್ಕೆ ಇಳಿದು, ಜ್ವರ ಏರಿ, ಮಗು 11 ದಿನ ಆಸ್ಪತ್ರೆಯಲ್ಲಿ ಮಲಗಿತು. ಅಜ್ಜಿ ಅಳುತ್ತಾ ಕೂತಿದ್ದಳು, ನಾನೇ ಮೊಮ್ಮಗನಿಗೆ ವಿಷ ಹಾಕಿದೆ ಅಂತ. ಅವಳ ತಪ್ಪು ಏನೂ ಇರಲಿಲ್ಲ. ತಪ್ಪಿದ ಮಾತ್ರೆಗಳನ್ನು ಅವತ್ತೇ ಹೇಳಿದ್ದರೆ ಅಳತೆ ಏರುತ್ತಲೇ ಇರಲಿಲ್ಲ. ಆದ್ದರಿಂದ ನಿಮ್ಮ ಮನೆಯಲ್ಲಿ ತಪ್ಪಿದ್ದರೆ, ಏರಿಸಿದ ಅಳತೆ ಶುರುಮಾಡುವ ಮೊದಲೇ ಫೋನ್ ಮಾಡಿ ಹೇಳಿಬಿಡಿ. ಬೈಯುವ ಡಾಕ್ಟರೂ ಮರುದಿನ ಮರೀತಾರೆ.

ಒಂದು ವೇಳೆ ಒಂದೂ ತಪ್ಪಿಲ್ಲ, ಆದರೂ ಕೌಂಟ್ ಇಳಿಯಲ್ಲ ಅಂತಾದರೆ? ಕೆಂಪು ಕಣದೊಳಗೆ ಈ ಮದ್ದು ಯಾವ ರೂಪಕ್ಕೆ ತಿರುಗಿದೆ ಅಂತ ಅಳೆಯುವ ಪರೀಕ್ಷೆ ಇದೆ. ಎಲ್ಲ ಊರಲ್ಲೂ ಸಿಗಲ್ಲ, ಎಲ್ಲ ಮಕ್ಕಳಿಗೂ ಬೇಕಾಗಲ್ಲ. ಎರಡು ರೂಪ ಅಳೆಯುತ್ತಾರೆ. ಎರಡೂ ಕಡಿಮೆ ಇದ್ದರೆ ಮಾತ್ರೆ ಹೊಟ್ಟೆಗೇ ಹೋಗ್ತಿಲ್ಲ ಅನ್ನೋ ಅನುಮಾನ. ಕೆಲಸಕ್ಕೆ ಬರುವ ರೂಪ ಕಡಿಮೆ, ಬಾರದ ರೂಪ ಜಾಸ್ತಿ ಇದ್ದರೆ ದೇಹವೇ ಮದ್ದನ್ನು ಬೇರೆ ದಾರಿಗೆ ತಿರುಗಿಸುತ್ತಿದೆ ಅಂತ. ಇಂಥ ಮಕ್ಕಳಲ್ಲಿ ಲಿವರ್ ಟೆಸ್ಟ್ ಕೂಡ ಏರಿರುವುದುಂಟು. ಇದಕ್ಕೆ ಉಲ್ಟಾ ಕೆಲವು ಮಕ್ಕಳಿಗೆ ಸ್ವಲ್ಪ ಮಾತ್ರೆಗೇ ಕೌಂಟ್ ಪಾತಾಳಕ್ಕೆ ಇಳಿಯುತ್ತೆ. ಟಿಪಿಎಂಟಿ, ನುಡ್ಟ್15 ಅನ್ನುವ ಎರಡು ಜೀನ್‌ಗಳಲ್ಲಿ ಹುಟ್ಟಿನಿಂದ ಇರುವ ವ್ಯತ್ಯಾಸ ಇದಕ್ಕೆ ಕಾರಣ. ನಮ್ಮ ಏಷ್ಯಾದ ಜನರಲ್ಲಿ ಎರಡನೆಯದು ಜಾಸ್ತಿ ಕಾಣುತ್ತದೆ. ಅಂಥ ಮಗುವಿಗೆ ಪಕ್ಕದ ಮಗುವಿನ ಅರ್ಧ ಅಳತೆ ಕೊಟ್ಟರೂ ಸಾಕಾಗಬಹುದು. ಅದಕ್ಕೇ ವಾರ್ಡಿನಲ್ಲಿ ನಿಮ್ಮವನಿಗೆ ಎಷ್ಟು, ನಮ್ಮವನಿಗೆ ಎಷ್ಟು ಅಂತ ಹೋಲಿಸಬೇಡಿ.

ಇನ್ನೊಂದು ಮಾತು. ಅಳತೆ ಏರಿಸಿದ ಮೇಲೆ ಮುಂದಿನ ಕೌಂಟ್ ತಪ್ಪಿಸಬೇಡಿ. ಮೈ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಹಾಕಿ ಬೆಳಗಿನವರೆಗೆ ಕಾಯಬೇಡಿ. ಬೆಂಗಳೂರಿಗೆ ಬಸ್ ಹತ್ತಲೂ ಬೇಡಿ, ಅದು ಇಲ್ಲಿಂದ 260 ಕಿಲೋಮೀಟರ್. ಮೊದಲು ಇಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಿ ಆಂಟಿಬಯೊಟಿಕ್ ಶುರುಮಾಡಿಸಿ, ಆಮೇಲೆ ಬೆಂಗಳೂರಿಗೆ ಫೋನ್.

ಪ್ರಶ್ನೆ: ಮಗಳಿಗೆ 4 ವರ್ಷ. ಮೊದಲ ತಿಂಗಳ ಕೀಮೋ ಮುಗಿದ ಮೇಲೆ ಬೋನ್ ಮ್ಯಾರೋ ತೆಗೆದರು. ಒಂದು ರಿಪೋರ್ಟಿನಲ್ಲಿ ರೆಮಿಷನ್ ಅಂತಿದೆ. ಇನ್ನೊಂದರಲ್ಲಿ ಎಂಆರ್‌ಡಿ ಪಾಸಿಟಿವ್, 0.08 ಪರ್ಸೆಂಟ್ ಅಂತಿದೆ. ಯಾವುದನ್ನು ನಂಬಬೇಕು? ಕೀಮೋ ಹತ್ತಲಿಲ್ಲ ಅಂತಾನಾ? — ಒಬ್ಬ ಅಪ್ಪ, ಚಳ್ಳಕೆರೆ

ಉತ್ತರ: ಎರಡೂ ನಿಜ ಸರ್. ನೋಡಿದ ಕಣ್ಣು ಬೇರೆ ಬೇರೆ, ಅಷ್ಟೇ.

ಕಾಯಿಲೆ ಗೊತ್ತಾದ ದಿನ ಮಗುವಿನ ಮೈಯಲ್ಲಿ ಹೆಚ್ಚುಕಮ್ಮಿ ಲಕ್ಷ ಕೋಟಿ ಕ್ಯಾನ್ಸರ್ ಕಣ ಇರುತ್ತವೆ ಅಂತ ಅಂದಾಜು. ಮೊದಲ ತಿಂಗಳ ಚಿಕಿತ್ಸೆಗೆ ಇಂಡಕ್ಷನ್ ಅಂತಾರೆ. ಅದರ ಕೊನೆಗೆ ಮಜ್ಜೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಬ್ಲಾಸ್ಟ್, ಅಂದರೆ ಬಲಿಯದ ಎಳೆ ಕಣ, 5 ಪರ್ಸೆಂಟಿಗಿಂತ ಕಡಿಮೆ ಇದ್ದರೆ ರೆಮಿಷನ್, ಅಂದರೆ ಕಾಯಿಲೆ ಹತೋಟಿಗೆ ಬಂದಿದೆ ಅಂತ ಬರೆಯುತ್ತಾರೆ. ಆದರೆ ಮೈಕ್ರೋಸ್ಕೋಪಿನ ಕಣ್ಣಿಗೆ ಒಂದು ಮಿತಿ ಇದೆ. ಹಾಗೆ ರೆಮಿಷನ್ ಅಂತ ಬಂದ ಮಗುವಿನಲ್ಲೂ ಸಾವಿರ ಕೋಟಿ ಕಣ ಅಡಗಿ ಕೂತಿರಬಹುದು. ಎಂಆರ್‌ಡಿ ಅಂದರೆ ಹಾಗೆ ಅಡಗಿದ್ದನ್ನು ಹುಡುಕುವ ಪರೀಕ್ಷೆ. ಫ್ಲೋ ಸೈಟೋಮೆಟ್ರಿ ಅನ್ನುವ ಯಂತ್ರ ಒಂದೊಂದೇ ಕಣವನ್ನು ಲೇಸರ್ ಮುಂದೆ ಹಾಯಿಸಿ, ಅದರ ಮೈಮೇಲಿನ ಗುರುತು ಓದುತ್ತದೆ. 10,000 ಕಣದಲ್ಲಿ ಒಂದು ಕ್ಯಾನ್ಸರ್ ಕಣ ಇದ್ದರೂ ಹಿಡಿಯುತ್ತದೆ. ಆ ಒಂದು ಅಂದರೆ 0.01 ಪರ್ಸೆಂಟ್. ಅದಕ್ಕಿಂತ ಕೆಳಗಿದ್ದರೆ ನೆಗೆಟಿವ್ ಅಂತಾರೆ. ನಿಮ್ಮ ಮಗಳದು 0.08, ಅಂದರೆ 10,000ಕ್ಕೆ 8.

ಹತ್ತಲಿಲ್ಲ ಅನ್ನಬೇಡಿ. ಬಹುಪಾಲು ಹೋಗಿದೆ, ಬೇಕಾದಷ್ಟು ಬೇಗ ಹೋಗಿಲ್ಲ. ಇದು ಫೇಲ್ ಮಾಡುವ ಪರೀಕ್ಷೆ ಅಲ್ಲ, ಮುಂದಿನ ದಾರಿ ತೋರಿಸುವ ಪರೀಕ್ಷೆ. ಎಂಆರ್‌ಡಿ ಪಾಸಿಟಿವ್ ಬಂದ ಮಕ್ಕಳಿಗೆ ಇನ್ನೂ ಬಲವಾದ ಚಿಕಿತ್ಸೆಗೆ ಬದಲಾಯಿಸಿ, ಕೆಲವು ವಾರದ ಮೇಲೆ ಮತ್ತೆ ಅಳೆದು ನೋಡುತ್ತಾರೆ. ಆ ಎರಡನೇ ಅಂಕಿ ಬಹಳ ಮುಖ್ಯ. ಅದಕ್ಕೆ ತಪ್ಪದೆ ಹೋಗಿ. ಹಿಂದಿನ ಕಾಲದಲ್ಲಿ ಈ ಪರೀಕ್ಷೆ ಇರಲಿಲ್ಲ. ರೆಮಿಷನ್ ಅಂತ ಬರೆದ ಚೀಟಿ ಹಿಡಿದು ಖುಷಿಯಿಂದ ಮನೆಗೆ ಬಂದ ಎಷ್ಟೋ ಮಕ್ಕಳು ವರ್ಷದೊಳಗೆ ಮತ್ತೆ ವಾರ್ಡಿಗೆ ಬರುತ್ತಿದ್ದರು, ಯಾಕೆ ಅಂತ ಹೇಳೋಕೆ ನಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ.

ಇನ್ನೂ ಮುಂಚೆಯೇ ಸಿಗುವ ಒಂದು ಸುಳಿವೂ ಇದೆ. ಮೊದಲ ವಾರ ಬರೀ ಸ್ಟೀರಾಯ್ಡ್ ಕೊಟ್ಟು 8ನೇ ದಿನ ರಕ್ತದಲ್ಲಿ ಬ್ಲಾಸ್ಟ್ ಎಣಿಸುತ್ತಾರೆ. ಒಂದು ಮೈಕ್ರೋಲೀಟರಿಗೆ 1,000ಕ್ಕಿಂತ ಕಡಿಮೆ ಇದ್ದರೆ ಮದ್ದಿಗೆ ಒಳ್ಳೆಯ ಉತ್ತರ. ಜರ್ಮನಿಯಲ್ಲಿ ಬೆಳೆದ ಪದ್ಧತಿ ಇದು. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳು ಸೇರಿ ಮಾಡಿಕೊಂಡ ಐಸಿಕಲ್ ಪದ್ಧತಿಯಲ್ಲೂ ಇದನ್ನು ನೋಡುತ್ತಾರೆ. ಮಗಳ ಫೈಲಿನಲ್ಲಿ ಆ ಅಂಕಿ ಇದೆಯಾ ಕೇಳಿ.

ಇದರ ಜೊತೆಗೆ ನಮ್ಮ ಊರಿನ ಡಾಕ್ಟರುಗಳಿಗೂ, ಮೆಡಿಕಲ್ ಶಾಪಿನವರಿಗೂ ಕೈಮುಗಿದು ಒಂದು ಮಾತು ಕೇಳಿಕೊಳ್ಳುತ್ತೇನೆ. ಎಂಆರ್‌ಡಿ ಹುಡುಕಲು ಕಾಯಿಲೆಯ ಮೊದಲ ದಿನದ ಗುರುತು ಬೇಕು. ಮಗುವಿಗೆ ವಾರಗಟ್ಟಲೆ ಜ್ವರ, ಮುಖ ಬಿಳಿಚಿಕೊಂಡಿದೆ, ಕಾಲು ನೋವು ಅಂತ ನಡೆಯಲ್ಲ, ಕುತ್ತಿಗೆಯಲ್ಲಿ ಗಡ್ಡೆ ಇದೆ ಅಂದಾಗ ರಕ್ತದ ಕಣ ನೋಡುವ ಸಿಬಿಸಿ, ಸ್ಮಿಯರ್ ಪರೀಕ್ಷೆ ಮಾಡಿಸದೆ ಸ್ಟೀರಾಯ್ಡ್ ಕೊಟ್ಟುಬಿಟ್ಟರೆ ಜ್ವರ ಇಳಿಯುತ್ತೆ, ಗಡ್ಡೆ ಕರಗುತ್ತೆ, ಮನೆಯವರು ದೇವರಂಥ ಡಾಕ್ಟರ್ ಅಂತಾರೆ. ಆದರೆ ಕಾಯಿಲೆಯ ಗುರುತೂ ಅಳಿಸಿಹೋಗುತ್ತದೆ, 8ನೇ ದಿನದ ಲೆಕ್ಕವೂ ಕೆಡುತ್ತದೆ. ಅಂಥ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೇನೆ. ಪ್ರತಿ ಸಲವೂ ಸಂಕಟವಾಗುತ್ತದೆ.

ಪ್ರಶ್ನೆ: ಹೊಲಕ್ಕೆ ಒಂದೇ ಔಷಧಿ ಹೊಡೆದರೆ ಹುಳ ಅದಕ್ಕೆ ಒಗ್ಗಿಹೋಗುತ್ತೆ. ಕೀಮೋ ಕೂಡ ಹಾಗೇನಾ? ಎರಡು ಎರಡೂವರೆ ವರ್ಷ ಕೊಟ್ಟರೆ ಮೈ ಒಗ್ಗಿಕೊಳ್ಳಲ್ವಾ? — ಒಬ್ಬ ಮೇಷ್ಟ್ರು, ಹೊನ್ನಾಳಿ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಒಗ್ಗುವುದು ಮೈ ಅಲ್ಲ, ಕ್ಯಾನ್ಸರ್ ಕಣ. ನಿಮ್ಮ ಹುಳದ ಹೋಲಿಕೆ ಇಲ್ಲಿ ಚೆನ್ನಾಗಿ ಕೂರುತ್ತದೆ.

ಮೊದಮೊದಲು ಆದದ್ದೂ ಅದೇ. ನಮ್ಮ ಪಕ್ಕದ ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಕಂಪನಿಯಲ್ಲಿದ್ದಾಗ ಅವರ ತಂಡ ಅಮಿನೊಪ್ಟೆರಿನ್ ಎಂಬ ಮದ್ದು ಮಾಡಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ಬ್ಲಡ್ ಕ್ಯಾನ್ಸರ್ ಮಕ್ಕಳಿಗೆ ಕೊಟ್ಟು, 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಆಡಿದರು. ಅದುವರೆಗೆ ಜಗತ್ತಿನಲ್ಲಿ ಯಾರೂ ಅಂಥದ್ದನ್ನು ನೋಡಿರಲಿಲ್ಲ. ಆದರೆ ಕೆಲವೇ ತಿಂಗಳು. ಆಮೇಲೆ ಕಾಯಿಲೆ ಮರಳಿತು, ಮದ್ದು ಮತ್ತೆ ನಾಟಲಿಲ್ಲ. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಇವತ್ತು ನಮ್ಮ ಮಕ್ಕಳು ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಆ ಮದ್ದಿನ ತಮ್ಮನೇ. 6-ಎಂಪಿ ಮಾಡಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅದೂ ಒಂದೇ ಕೊಟ್ಟಾಗ ಸೋಲುತ್ತಿತ್ತು.

ದಾರಿ ಸಿಕ್ಕಿದ್ದು ಮದ್ದುಗಳನ್ನು ಸೇರಿಸಿ ಕೊಟ್ಟಾಗ. ಒಂದಕ್ಕೆ ಬಗ್ಗದ ಕಣ ಇನ್ನೊಂದಕ್ಕೆ ಸಾಯುತ್ತದೆ. ಬೇರೆ ಬೇರೆ ಬಗೆಯ ಔಷಧಿ ಬದಲಿಸಿ ಹೊಡೆಯಿರಿ ಅಂತ ಕೃಷಿ ಇಲಾಖೆಯವರು ಹೇಳುವ ಹಾಗೇ. ಹೀಗೆ ಮಾಡಿ ಶ್ರೀಮಂತ ದೇಶಗಳಲ್ಲಿ ಈಗ 100ಕ್ಕೆ 90ರಷ್ಟು ಮಕ್ಕಳು ಉಳಿಯುತ್ತಿದ್ದಾರೆ. ಆದರೂ ಕೆಲವರಲ್ಲಿ ಕಾಯಿಲೆ ಮರಳುತ್ತದೆ. ಹಾಗೆ ಮರಳಿದ ಕಣಗಳನ್ನು ಪರೀಕ್ಷಿಸಿದಾಗ ಕೆಲವದರಲ್ಲಿ ಎನ್‌ಟಿ5ಸಿ2 ಎಂಬ ಜೀನ್ ಬದಲಾಗಿರುವುದು 2013ರಲ್ಲಿ ಗೊತ್ತಾಯಿತು. ಆ ಬದಲಾವಣೆ 6-ಎಂಪಿಯನ್ನು ಕಣದೊಳಗೇ ನಿಷ್ಕ್ರಿಯ ಮಾಡಿಬಿಡುತ್ತದೆ. ಅರೆಬರೆ ಅಳತೆ ಹೊಡೆದ ಹೊಲದಲ್ಲಿ ಗಟ್ಟಿ ಹುಳ ಉಳಿಯುವುದು ನಿಮಗೆ ಗೊತ್ತೇ ಇದೆ. ಎರಡೂವರೆ ವರ್ಷ ಬಿಡದೆ ಕೊಡಿ ಅಂತ ನಾವು ಯಾಕೆ ಗಂಟು ಬೀಳುತ್ತೇವೆ ಅಂತ ಈಗ ಅರ್ಥವಾಯಿತಲ್ಲ.

ಪ್ರಶ್ನೆ: ಅಕ್ಕನ ಮಗನಿಗೆ ಆಸ್ಪರಜಿನೇಸ್ ಇಂಜೆಕ್ಷನ್ ಹೊರಗಿನಿಂದ ತರಲು ಹೇಳಿದರು. ಬೇಸಿಗೆಯಲ್ಲಿ ಬಸ್ಸಿನಲ್ಲಿ ತಂದೆವು. ಐಸ್ ಪೂರ್ತಿ ಕರಗಿತ್ತು. ಹೇಳಲು ಭಯವಾಗಿ ಹಾಗೇ ಕೊಟ್ಟುಬಿಟ್ಟೆವು. ಅಲರ್ಜಿ ಏನೂ ಆಗಲಿಲ್ಲ, ಹಾಗಾದರೆ ಕೆಲಸ ಮಾಡಿದೆ ಅಂತಾನಾ? — ಒಬ್ಬ ಚಿಕ್ಕಮ್ಮ, ಚಿತ್ರದುರ್ಗ

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತೆ. ದುಡ್ಡು ಹೊಂದಿಸಿ ತಂದದ್ದು, ಕೆಟ್ಟಿದೆ ಅಂತ ಎಸೆದುಬಿಟ್ಟರೆ ಏನು ಗತಿ ಅಂತ. ಆದರೂ ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ, ನಡೆದದ್ದನ್ನು ಹೇಳಿ.

ಈ ಇಂಜೆಕ್ಷನ್ ಉಳಿದವುಗಳ ಹಾಗಲ್ಲ. ಇದು ಬ್ಯಾಕ್ಟೀರಿಯಾದಿಂದ ತೆಗೆದ ಎಂಜೈಮ್. ನಮ್ಮ ಒಳ್ಳೆಯ ಕಣಗಳು ಆಸ್ಪರಜಿನ್ ಎಂಬ ಪದಾರ್ಥವನ್ನು ತಾವೇ ಮಾಡಿಕೊಳ್ಳುತ್ತವೆ, ಈ ಕ್ಯಾನ್ಸರ್ ಕಣಕ್ಕೆ ಅದು ಸಾಕಷ್ಟು ಬರಲ್ಲ, ರಕ್ತದಿಂದ ತಗೋಬೇಕು. ಎಂಜೈಮ್ ರಕ್ತದಲ್ಲಿರುವ ಆಸ್ಪರಜಿನನ್ನೆಲ್ಲ ಒಡೆದುಹಾಕಿ ಕ್ಯಾನ್ಸರನ್ನು ಉಪವಾಸ ಕೆಡವುತ್ತದೆ. ಮೊಸರಿನ ಹೆಪ್ಪಿನ ಹಾಗೆ, ಬಿಸಿಲಿಗೆ ಸಿಕ್ಕರೆ ಕೆಡುತ್ತದೆ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಕೆಟ್ಟಿದೆಯೋ ಇಲ್ಲವೋ ಕಣ್ಣಿಗೆ ಕಾಣಲ್ಲ.

ಅಲರ್ಜಿ ಆಗಲಿಲ್ಲ ಅಂದ ಮಾತ್ರಕ್ಕೆ ಕೆಲಸ ಮಾಡಿದೆ ಅಂತ ಹೇಳೋಕಾಗಲ್ಲ. ಕೆಲವು ಮಕ್ಕಳ ಮೈ ಒಳಗೊಳಗೇ ಇದಕ್ಕೆ ಪ್ರತಿಕಾಯ ತಯಾರಿಸುತ್ತದೆ. ಹೊರಗೆ ತುರಿಕೆ, ದದ್ದು ಏನೂ ಇರಲ್ಲ, ಒಳಗೆ ಮದ್ದು ಬಂದ ಹಾಗೇ ಹಾಳಾಗುತ್ತಿರುತ್ತದೆ. ಜೊತೆಗೆ ಸ್ಟೀರಾಯ್ಡ್ ನಡೀತಾ ಇದ್ದರೆ ಅಲರ್ಜಿ ಮುಚ್ಚಿಹೋಗುವುದೂ ಉಂಟು. ಇದನ್ನು ಹಿಡಿಯಲು ಒಂದು ರಕ್ತ ಪರೀಕ್ಷೆ ಇದೆ, ಆಸ್ಪರಜಿನೇಸ್ ಆಕ್ಟಿವಿಟಿ ಅಂತ. ಮುಂದಿನ ಡೋಸಿಗೆ ಮುಂಚೆ ಮಿಲಿಲೀಟರಿಗೆ 0.1 ಯೂನಿಟ್ ಅಥವಾ ಮೇಲಿದ್ದರೆ ಸಾಕು ಅಂತ ಲೆಕ್ಕ. ಕಡಿಮೆ ಇದ್ದರೆ ಬೇರೆ ಬಗೆಗೆ ಬದಲಾಯಿಸುತ್ತಾರೆ. ಎಲ್ಲ ಕಂಪನಿಯ ಇಂಜೆಕ್ಷನ್ನಿನ ಶಕ್ತಿಯೂ ಒಂದೇ ಇರಲ್ಲ, ಅದಕ್ಕಾಗಿಯೂ ಈ ಪರೀಕ್ಷೆ ಬೇಕು. ಸಿಗುತ್ತಾ ಅಂತ ಕೇಳಿ ನೋಡಿ, ಕೇಳೋದರಲ್ಲಿ ತಪ್ಪೇನಿಲ್ಲ. ಮುಂದಿನ ಸಲ ತರುವಾಗ ಅಂಗಡಿಯವರಿಂದಲೇ ಐಸ್ ಪ್ಯಾಕ್ ಇರುವ ಥರ್ಮೋಕೋಲ್ ಡಬ್ಬ ಕೇಳಿ ಪಡೆಯಿರಿ. ಬಾಟಲಿ ಐಸಿಗೆ ನೇರವಾಗಿ ತಾಗದಂತೆ ನಡುವೆ ಬಟ್ಟೆ ಇಡಿ, ಹೆಪ್ಪುಗಟ್ಟಿದರೂ ಕೆಡುತ್ತದೆ. ಬಿಸಿಲಿಗೆ ಮುಂಚೆ, ಬೆಳಗಿನ ಮೊದಲ ಬಸ್ಸಿಗೆ ಹೊರಡಿ.

ಪ್ರಶ್ನೆ: ಡಾಕ್ಟರಮ್ಮಾ, ಮೊಮ್ಮಗನಿಗೆ ಶಕ್ತಿ ಬರಲಿ ಅಂತ ಅಮೃತಬಳ್ಳಿ ಕಷಾಯ ಕೊಡಬಹುದಾ? ಗುಳಿಗೆ ಹಾಲಲ್ಲಿ ಕೊಟ್ಟರೆ ಕೆಡುತ್ತೆ ಅಂತಾರೆ, ನಿಜವಾ? — ಒಬ್ಬ ಅಜ್ಜ, ಜಗಳೂರು

ಉತ್ತರ: ಯಜಮಾನರೇ, ಕಷಾಯ ಬೇಡ. ಮೊಮ್ಮಗ ತಗೊಳ್ಳುವ ಎರಡು ಗುಳಿಗೆಯೂ, ದಿನದ 6-ಎಂಪಿ ಮತ್ತು ವಾರದ ಮೆಥೊಟ್ರೆಕ್ಸೇಟ್, ಲಿವರಿನ ಮೇಲೆ ಭಾರ ಹಾಕುತ್ತವೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ಡಾಕ್ಟರುಗಳು ವರದಿ ಮಾಡಿದ್ದಾರೆ. ಲಿವರ್ ಟೆಸ್ಟ್ ಏರಿದರೆ ಬೆಂಗಳೂರಿನವರು ಗುಳಿಗೆಯಿಂದ ಅಂದುಕೊಂಡು ಗುಳಿಗೆ ನಿಲ್ಲಿಸುತ್ತಾರೆ, ನಷ್ಟ ಮೊಮ್ಮಗನಿಗೆ. ಈಗಾಗಲೇ ಕೊಟ್ಟಿದ್ದರೆ ಅದನ್ನೂ ಹೇಳಿಬಿಡಿ.

ಹಾಲಿನ ಮಾತು ಪೂರ್ತಿ ಸುಳ್ಳಲ್ಲ. ಹಾಲಿನಲ್ಲಿರುವ ಒಂದು ಎಂಜೈಮ್ 6-ಎಂಪಿಯನ್ನು ಒಡೆಯಬಲ್ಲದು, ಹಾಗಾಗಿ ಖಾಲಿ ಹೊಟ್ಟೆಗೇ ಕೊಡಿ ಅಂತ ಮೊದಲು ಹೇಳುತ್ತಿದ್ದೆವು. ಆಮೇಲೆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಊಟ ಹಾಲಿನ ಜೊತೆ ತಗೊಂಡವರಿಗೂ ಉಳಿದವರಿಗೂ ಕಾಯಿಲೆ ಮರಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ತಪ್ಪದೆ ನುಂಗುವುದೇ ಮುಖ್ಯವಾಯಿತು. ನೀರಿನಲ್ಲಿ ಕೊಡಿ. ಹಟ ಮಾಡಿದರೆ ಊಟದ ಜೊತೆ ಕೊಡಿ, ಆದರೆ ದಿನಾ ಒಂದೇ ಹೊತ್ತಿಗೆ.

ನೀವು ಕೇಳದಿದ್ದರೂ ಒಂದು ಹೇಳಲೇಬೇಕು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಎರಡೂ ಗುಳಿಗೆ ನೋಡೋಕೆ ಒಂದೇ ಥರ ಕಾಣಬಹುದು. ಬೇರೆ ಬೇರೆ ಡಬ್ಬಿಯಲ್ಲಿಡಿ, ವಾರದ ಡಬ್ಬಿಯ ಮೇಲೆ ಗುರುವಾರ ಅಂತಲೋ, ಅವರು ಹೇಳಿದ ವಾರವನ್ನೋ ದೊಡ್ಡದಾಗಿ ಬರೆಸಿ ಬೇರೆ ಗೂಡಿನಲ್ಲಿಡಿ.

ಪ್ರಶ್ನೆ: ಮೇಡಂ, ನನಗೆ 15 ವರ್ಷ, ಎಸ್ಸೆಸ್ಸೆಲ್ಸಿ. ಒಂದೂವರೆ ವರ್ಷದಿಂದ ಮಾತ್ರೆ ನುಂಗ್ತಾ ಇದ್ದೀನಿ. ಬೆಳಿಗ್ಗೆ ವಾಕರಿಕೆ ಬಂದು ಕ್ಲಾಸಿಗೆ ಹೋಗೋಕಾಗಲ್ಲ. ಎರಡು ತಿಂಗಳಿಂದ ಕೆಲವು ದಿನ ಮಾತ್ರೆ ಡಸ್ಟ್‌ಬಿನ್‌ಗೆ ಹಾಕಿದೀನಿ. ಅಮ್ಮನಿಗೆ ಗೊತ್ತಿಲ್ಲ. ಅಮ್ಮ ನನಗೋಸ್ಕರ ಕೆಲಸ ಬಿಟ್ಟಿದ್ದಾಳೆ. ಏನು ಮಾಡ್ಲಿ? — ದಾವಣಗೆರೆ

ಉತ್ತರ: ಮಗಳೇ, ನಿನ್ನ ಪತ್ರವನ್ನು ಮೂರು ಸಲ ಓದಿದೆ. ಬರೆದೆಯಲ್ಲ, ನನಗೆ ಅದೇ ದೊಡ್ಡದು. ನಿನ್ನ ವಯಸ್ಸಿನಲ್ಲಿ ಮಾತ್ರೆ ತಪ್ಪಿಸುವವರು ಚಿಕ್ಕ ಮಕ್ಕಳಿಗಿಂತ ಜಾಸ್ತಿ, ಎಲ್ಲ ದೇಶದಲ್ಲೂ. ನೀನೊಬ್ಬಳೇ ಅಲ್ಲ, ನೀನು ಕೆಟ್ಟವಳೂ ಅಲ್ಲ. ಒಂದೂವರೆ ವರ್ಷ ದಿನಾ ಮಾತ್ರೆ ನುಂಗುವುದು ದೊಡ್ಡವರಿಗೂ ಕಷ್ಟ.

ತಪ್ಪಿದ್ದನ್ನು ತುಂಬಿಸಬೇಕು ಅಂತ ಇವತ್ತು ಎರಡು ನುಂಗಬೇಡ. ಇವತ್ತಿನದು ಇವತ್ತು, ಅಷ್ಟೇ. ವಾಕರಿಕೆಗೆ ಮದ್ದಿದೆ. ಮಾತ್ರೆ ತಗೊಳ್ಳುವ ಹೊತ್ತು ಬದಲಾಯಿಸಿದರೂ ಎಷ್ಟೋ ಸಲ ಸರಿಹೋಗುತ್ತೆ. ಆದರೆ ವಾಕರಿಕೆ ಇದೆ ಅಂತ ನಿನ್ನ ಡಾಕ್ಟರಿಗೆ ಗೊತ್ತಾದರೆ ತಾನೇ ಅವರು ಏನಾದರೂ ಮಾಡೋದು. ಲಿವರ್ ಟೆಸ್ಟನ್ನೂ ಒಮ್ಮೆ ನೋಡಬೇಕು, ವಾಕರಿಕೆಗೆ ಅದೂ ಕಾರಣ ಇರಬಹುದು. ಮುಂದಿನ ಕೌಂಟ್ ತೆಗೆಸುವ ಮುಂಚೆಯೇ ಅವರಿಗೆ ಹೇಳಬೇಕು, ಯಾಕೆ ಅಂತ ಮೇಲೆ ಆ ಅಜ್ಜಿಯ ವಿಷಯದಲ್ಲಿ ಬರೆದಿದ್ದೇನೆ, ಓದು.

ಕ್ಯಾಲೆಂಡರ್ ತಗೊಂಡು, ಎಸೆದ ದಿನಗಳನ್ನು ನೆನಪಿದ್ದಷ್ಟು ಪೆನ್ಸಿಲಿನಲ್ಲಿ ಗುರುತು ಮಾಡು. ಸರಿಯಾಗಿ ನೆನಪಿಲ್ಲದಿದ್ದರೆ ಅಂದಾಜು ಸಾಕು. ಅಮ್ಮನ ಮುಂದೆ ಬಾಯಿ ಬರದಿದ್ದರೆ, ಸಂಜೆ ಆರರ ಮೇಲೆ ಅಮ್ಮನನ್ನು ಕರೆದುಕೊಂಡು ನನ್ನ ಕ್ಲಿನಿಕ್ಕಿಗೆ ಬಾ. ಹೊರಗೆ ಕೂತಿರುವ ಸಿಸ್ಟರ್‌ಗೆ ಕ್ಯಾಲೆಂಡರ್ ತಂದಿದ್ದೀನಿ ಅಂತ ಹೇಳು ಸಾಕು, ಒಳಗೆ ಕಳಿಸುತ್ತಾರೆ. ಮಾತು ನಾನು ಶುರು ಮಾಡುತ್ತೇನೆ.